ಈ ತಿಂಗಳು ಎರಡು ಸಲ

ಜೂನ್ 2, ಭಾನುವಾರ

ಇವತ್ತು ಆರಾಧನೆಯಲ್ಲಿ ನಾನು ಒಳ್ಳೆಯ ಫಾರ್ಮಿನಲ್ಲಿದ್ದೆ. ಇಂಥದ್ದನ್ನೆಲ್ಲ ಬರೆದಿಡುವ ಶಿಷ್ಯರು ನನಗಿಲ್ಲದ ಕಾರಣ ನಾನೇ ಬರೆದಿಡುತ್ತಿದ್ದೇನೆ.

ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಸ್ತೋತ್ರದ ಚೀಟಿಗಳ ದಿನ. ದೇವರಿಗೆ ಉಪಕಾರ ಹೇಳಬೇಕಾದದ್ದು ಏನಿದ್ದರೂ ಒಂದು ಚೀಟಿಯಲ್ಲಿ ಬರೆದು ಬಾಗಿಲ ಬಳಿಯ ಮರದ ಡಬ್ಬಿಗೆ ಹಾಕುವುದು, ಹೆಸರು ಹಾಕಬಾರದು. ಎರಡನೆಯ ಕೀರ್ತನೆ ಮುಗಿದ ಮೇಲೆ ಒಬ್ಬರು ನಿಂತು ಒಂದೊಂದೇ ಓದುವುದು, ಪ್ರತಿ ಚೀಟಿಗೂ ಸಭೆಯೆಲ್ಲ ಒಟ್ಟಾಗಿ "ಸ್ತೋತ್ರ" ಎನ್ನುವುದು. ಆ ಒಬ್ಬರು ಒಂಬತ್ತು ವರ್ಷದಿಂದ ನಾನು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ ಹೇಳಿ ಗಂಟಲು ಕಂಚಾಗಿದೆ ಎಂದು ಕೆಲಸ ಒಪ್ಪಿಸಿದರು. ಒಪ್ಪಿಸಿದ್ದು ಓದುವುದಕ್ಕೆ ಮಾತ್ರ. ನಡುನಡುವೆ ಒಂದೊಂದು ಮಾತು ಸೇರಿಸಿದ್ದು ನನ್ನ ಸ್ವಂತ ಕಾಣಿಕೆ. ಸಭಾಪಾಲಕರದು ಪ್ರಸಂಗ, ನನ್ನದು ಅಧಿಕಪ್ರಸಂಗ. ಜನ ಎಚ್ಚರವಾಗಿರುವುದು ಯಾವುದಕ್ಕೆ ಎಂಬುದನ್ನು ನನ್ನ ಬಾಯಿಂದಲೇ ಹೇಳಿಸಬಾರದು.

ಇವತ್ತು ಹನ್ನೊಂದು ಚೀಟಿ. "ಮಗ ಪಾಸಾದ" ಎಂಬುದಕ್ಕೆ, "ಹುಡುಗ ನನ್ನ ತರಗತಿಯವನೇ ಆಗಿದ್ದರೆ ಇದನ್ನು ಪವಾಡಗಳ ಪಟ್ಟಿಗೆ ಸೇರಿಸಬೇಕು" ಎಂದೆ. "ಹಲ್ಲುನೋವು ಹೋಯಿತು" ಎಂಬುದಕ್ಕೆ, "ಹೋದದ್ದು ನೋವೋ, ಹಲ್ಲೋ?" ಎಂದೆ. ಇವೆಲ್ಲ ಮಧ್ಯಮ ದರ್ಜೆಯವು. ಏಳನೆಯದು ಕೈಗೆ ಬಂತು. ದುಂಡಗಿನ, ಒತ್ತಿ ಬರೆದ ಅಕ್ಷರ:

"ಈ ತಿಂಗಳು ನನ್ನವರು ಎರಡು ಸಲ ನನ್ನ ಗುರುತು ಹಿಡಿದರು. ಸ್ತೋತ್ರ."

ಕನ್ನಡಕದ ಮೇಲಿನಿಂದ ಸಭೆಯನ್ನೊಮ್ಮೆ ನೋಡಿ, ಮನಸ್ಸಿನಲ್ಲೇ ಮೂರು ಎಣಿಸಿ (ಹಾಸ್ಯದಲ್ಲಿ ಎಣಿಕೆಯೇ ಮುಕ್ಕಾಲು ಪಾಲು) ಹೇಳಿದೆ: "ಅಕ್ಕ, ಮುಂದಿನ ತಿಂಗಳು ಪೌಡರ್ ಸ್ವಲ್ಪ ಕಡಿಮೆ ಮಾಡಿ. ಮೂರನೇ ಸಲಾನೂ ಹಿಡಿದಾರು."

ಸಭೆ ಬಿದ್ದು ಬಿದ್ದು ನಕ್ಕಿತು. ಗಾಯಕವೃಂದದವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಗಂಭೀರವಾಗಿರಲೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿರುವ ಸಭಾಪಾಲಕರೂ ಕರವಸ್ತ್ರ ತೆಗೆದರು.

ಮನೆಗೆ ಬರುವ ದಾರಿಯಲ್ಲಿ ನನ್ನವಳು ಮಾತಾಡಲಿಲ್ಲ. ಬಿಸಿಲಿಗೆ ಇರಬೇಕು.

ಜೂನ್ 3, ಸೋಮವಾರ

ಬಿಸಿಲಿಗಲ್ಲ.

ನನ್ನವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಊರಿನ ಅರ್ಧ ಜನರ ಗುಟ್ಟು ಅವಳ ಬಾಯಲ್ಲಿದೆ. ಆ ಬಾಯಿಗೆ ಬಿರಡೆಯೂ ಇದೆ. ಬೆಳಗ್ಗೆ ಚಹಾ ಕೊಡುತ್ತ ಕೇಳಿದಳು:

"ರೀ, ನಿನ್ನೆ ಆ ಏಳನೇ ಚೀಟಿ ಯಾರದ್ದು ಅಂತ ಯೋಚನೆ ಮಾಡಿದ್ರಾ?"

"ಹೆಸರು ಹಾಕಬಾರದು ಅಂತಲ್ವಾ ನಿಯಮ."

"ಹೆಸರಿಲ್ಲ ಅಂದ್ರೆ ಮನುಷ್ಯರೂ ಇಲ್ಲ ಅಂತಾನಾ?"

ನಾನು ಚಹಾ ಊದಿದೆ. ಅದು ಆಗಲೇ ಆರಿತ್ತು.

"ಅಂಗಡೀಲಿ ಯಾರಿಗೆ ಏನು ಕೊಡ್ತೀನಿ ಅಂತ ನಾನು ಹೇಳೋ ಹಾಗಿಲ್ಲ. ನೀವು ತರ್ಕದ ಮೇಷ್ಟ್ರು, ನೀವೇ ಬಿಡಿಸ್ಕೊಳ್ಳಿ. ಬಾಗಿಲಲ್ಲಿ ನಿಂತು ಕೀರ್ತನೆ ಪುಸ್ತಕ ಕೊಡ್ತಿದ್ದೋರು ಎಷ್ಟು ತಿಂಗಳಿಂದ ಕಾಣ್ತಿಲ್ಲ?"

ಚೆಕಿಂಗ್ ಮಾವ. ಬಸ್ಸುಗಳಲ್ಲಿ ಟಿಕೆಟು ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಅವರ ಹೆಂಡತಿ ಹೊಲಿಗೆ ಅಕ್ಕ. ಗಾಯಕವೃಂದದ ಬಿಳಿ ನಿಲುವಂಗಿಗಳೆಲ್ಲ ಅವರ ಕೈಯವು. ಕೊನೆಯ ಸಾಲಿನ ತುದಿಯಲ್ಲಿ ಕೂರುತ್ತಾರೆ.

"ಅವರಿಗೆ ಮಂಡಿನೋವು ಅಂತ ಅಕ್ಕಾನೇ ಹೇಳಿದ್ರಲ್ಲ" ಎಂದೆ.

"ಹೂಂ. ಮಂಡಿನೋವು ಇರೋರು ಹೆಂಡತಿ ಗುರುತು ಹಿಡೀತಾರೆ." ಲೋಟ ಎತ್ತಿಕೊಂಡು ಹೋದವಳು ಬಾಗಿಲಲ್ಲಿ ನಿಂತಳು. "ಇನ್ನೊಂದು. ನಿನ್ನೆ ಆ ಒಂದು ಚೀಟಿಗೆ ಮಾತ್ರ ಯಾರೂ ಸ್ತೋತ್ರ ಅನ್ನಲಿಲ್ಲ. ಎಲ್ಲಾ ನಗ್ತಾ ಇದ್ರು. ನೀವು ಎಂಟನೇದು ತೆಗೆದ್ರಿ."

ಕಾಲೇಜಿಗೆ ಹೋದೆ. ಮೂರು ತರಗತಿ ತೆಗೆದುಕೊಂಡೆ. ಏನು ಹೇಳಿದೆನೋ ಗೊತ್ತಿಲ್ಲ, ಹುಡುಗರು ಬರೆದುಕೊಂಡರು.

ಜೂನ್ 9, ಭಾನುವಾರ

ಕೊನೆಯ ಸಾಲಿನ ತುದಿ ಖಾಲಿ.

ಆರಾಧನೆ ಮುಗಿದ ಮೇಲೆ ಮೂವರು ಬಂದು ಬೆನ್ನು ತಟ್ಟಿದರು. ಕ್ಷೌರದ ಅಣ್ಣನಂತೂ, "ಪೌಡರ್ ಮಾತು ನನ್ನ ಅಂಗಡೀಲಿ ಒಂದು ವಾರದಿಂದ ಓಡ್ತಾ ಇದೆ ಮೇಷ್ಟ್ರೇ. ಗಿರಾಕಿ ನಗ್ತಾರೆ, ಕತ್ತಿ ಹಿಡಿದ ನನಗೆ ಭಯ" ಎಂದ. ನನ್ನ ಮುಖವೂ ನಕ್ಕಿತು. ಅಭ್ಯಾಸಬಲ.

ಕ್ಷಮೆ ಕೇಳಿ ಪತ್ರ ಬರೆಯುವುದೆಂದು ಮಧ್ಯಾಹ್ನ ಕೂತೆ. ಮೊದಲನೆಯ ಕರಡು: "ಅಕ್ಕ, ನನ್ನ ನಾಲಿಗೆಗೂ ಒಂದು ಅಂಚು ಹೊಲಿಯಬೇಕಿತ್ತು." ಹರಿದೆ. ಎರಡನೆಯದು: "ಪೌಡರು ಹಚ್ಚಿಕೊಂಡದ್ದು ನೀವಲ್ಲ, ಬಣ್ಣ ಬಯಲಾದದ್ದು ನನ್ನದು." ಇದು ಸ್ವಲ್ಪ ಹೊತ್ತು ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಅಸಹ್ಯವಾಯಿತು. ಹರಿದೆ. ಕ್ಷಮೆಗೂ ನನಗೆ ಚಪ್ಪಾಳೆ ಬೇಕು. ಐವತ್ಮೂರು ವರ್ಷ ವಯಸ್ಸಾದ ಮನುಷ್ಯ ನಾನು, "ತಪ್ಪಾಯಿತು" ಎಂಬ ಒಂದು ಶಬ್ದವನ್ನು ಬಾಲ ಅಂಟಿಸದೆ ಬರೆಯಲಾರೆ.

ಜೂನ್ 12, ಬುಧವಾರ

ಪತ್ರ ಬೇಡ, ನೇರವಾಗಿ ಹೋಗುವುದೆಂದು ಹೋದೆ. ನೇರವಾಗಿ ಎಂದರೆ ಕಂಕುಳಲ್ಲಿ ಒಂದು ಹಳೆಯ ಪ್ಯಾಂಟು ಸಿಕ್ಕಿಸಿಕೊಂಡು. ಬರಿಗೈಲಿ ಹೋಗುವ ಧೈರ್ಯ ಬರಲಿಲ್ಲ.

ಒಂದೇ ಕೋಣೆಯಂಥ ಮನೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಹಗ್ಗದ ಮೇಲೆ ಸಾಲಾಗಿ ನಿಲುವಂಗಿಗಳು. ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಮಾವ. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದೆ, ಜೇಬಿನಲ್ಲಿ ಎರಡು ಪೆನ್ನು. ಮೊದಲಿನ ಹಾಗೆಯೇ ಇದ್ದಾರೆ ಅನ್ನಿಸಿತು, ಅವರು ಕೈ ಚಾಚುವವರೆಗೆ.

"ಟಿಕೆಟ್."

"ನನ್ನದು ಸೀಸನ್ ಪಾಸು ಸಾರ್" ಎಂದೆ. ಬಾಯಿ ತನ್ನಷ್ಟಕ್ಕೆ ಅಂದುಬಿಟ್ಟಿತು.

"ತೋರಿಸಿ."

ನಾನು ನಕ್ಕೆ. ಅವರು ನಗಲಿಲ್ಲ. "ವಯಸ್ಸಾದೋರು, ಮರ್ಯಾದಸ್ಥರ ಥರ ಕಾಣ್ತೀರಿ. ನಾಚಿಕೆಯಾಗಲ್ವಾ? ಇಳೀರಿ."

"ಇಳಿದುಬಿಡಿ ಮೇಷ್ಟ್ರೇ" ಎಂದರು ಹೊಲಿಗೆ ಅಕ್ಕ, ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ. "ಇಲ್ಲದಿದ್ರೆ ಬಸ್ಸು ಮುಂದಕ್ಕೆ ಹೋಗಲ್ಲ."

ಇಳಿದೆ. ಮೆಟ್ಟಿಲ ಮೇಲೆ ನಿಂತೆ. ಎದುರು ಮನೆಯಾಕೆ ಬಕೆಟು ಹಿಡಿದವಳು ನೋಡಿದಳು. ಎರಡು ನಿಮಿಷದ ಮೇಲೆ ಒಳಗೆ ಹೋದಾಗ ಮಾವನಿಗೆ ನಾನು ಹೊಸಬ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಮಂಡಿನೋವು ಅಂತ ಹೇಳಿಟ್ಟಿದ್ದೆ" ಎಂದರು ಅಕ್ಕ. "ನೀವು ನೋಡಿಯಾಯ್ತಲ್ಲ."

"ಯಾರಿಗೂ ಹೇಳಲ್ಲ."

ಅವರು ನನ್ನ ಮುಖ ನೋಡಿದರು. ಆ ನೋಟಕ್ಕೆ ಅರ್ಥ ಹಚ್ಚಲು ತರ್ಕಶಾಸ್ತ್ರ ಬೇಕಿರಲಿಲ್ಲ. ಈಗ ಹೇಳು, ಈಗ ಹೇಳು ಎಂದುಕೊಂಡೆ. ನಾನು ಪ್ಯಾಂಟು ಮುಂದೆ ಹಿಡಿದು, "ಸೊಂಟ ಸ್ವಲ್ಪ ಸಡಿಲ ಮಾಡಬೇಕಿತ್ತು" ಎಂದೆ.

ಅಳತೆ ತೆಗೆದುಕೊಂಡರು. "ಮುಂದಿನ ಬುಧವಾರ ಬನ್ನಿ."

ಬಾಯಿ ಇರುವುದೇ ಮಾತಾಡಲಿಕ್ಕೆ ಎಂದುಕೊಂಡಿದ್ದೆ. ಬೇಕಾದ ಹೊತ್ತಿಗೆ ಅದು ಹೊಟ್ಟೆಯ ಬಾಗಿಲು ಅಷ್ಟೇ.

ಜೂನ್ 19, ಬುಧವಾರ

ಮೊನ್ನೆ ಭಾನುವಾರವೂ ಕೊನೆಯ ಸಾಲಿನ ತುದಿ ಖಾಲಿ ಇತ್ತು. ಇವತ್ತು ಪ್ಯಾಂಟು ತರಲು ಹೋದಾಗ, "ಭಾನುವಾರ ಕಾಣಲಿಲ್ಲ?" ಎಂದು ಕೇಳಿದೆ, ಏನೂ ಅರಿಯದವನ ಹಾಗೆ.

"ಇವರ ಹತ್ತಿರ ಕೂರ್ತಿದ್ದ ಪಕ್ಕದ ಮನೆಯಾಕೆ ಮಗಳ ಮನೆಗೆ ಹೋಗಿದಾಳೆ. ಬಿಟ್ಟು ಬರೋ ಹಾಗಿಲ್ಲ."

"ನಾನು ಕೂರ್ತೀನಿ. ನೀವು ಹೋಗಿಬನ್ನಿ."

"ನೀವಾ?" ಯಂತ್ರ ನಿಂತಿತು. "ಎರಡು ಗಂಟೆ ಹೊತ್ತು ಯಾರೂ ನಗದೆ ಇರೋ ಕಡೆ ಕೂರೋಕಾಗುತ್ತಾ ನಿಮಗೆ?"

"ನೋಡೋಣ."

ಒಪ್ಪಿದರು. ಒಪ್ಪಿದರೆಂದು ಹಗುರಾಗಬೇಕಿತ್ತು. ಮಾಡಿದ ಸಾಲಕ್ಕೆ ಬಡ್ಡಿ ಮಾತ್ರ ಕಟ್ಟಿ ಬಂದವನ ಹಾಗೆ ಬಂದೆ. ತಿಳಿಸಿದಾಗ ಸಭಾಪಾಲಕರು, "ಜುಲೈ ಮೊದಲ ಭಾನುವಾರ ಚೀಟಿ ಯಾರು ಓದೋದು?" ಎಂದು ಗಾಬರಿಯಾದರು. ಅಕ್ಷರ ಬಂದವರು ಎಂದೆ.

ಜೂನ್ 23, ಭಾನುವಾರ

ಒಂಬತ್ತಕ್ಕೆ ಹೋದೆ. ಅಕ್ಕ ಒಳ್ಳೆಯ ಬಟ್ಟೆ ಉಟ್ಟು ಕೀರ್ತನೆ ಪುಸ್ತಕ ಹಿಡಿದು ಹೊರಟರು. ನೀರು ಎಲ್ಲಿದೆ, ಕತ್ತರಿ ಯಾಕೆ ಮೇಲಿಟ್ಟಿದೆ, ಟಿಕೆಟು ಕೇಳಿದರೆ ಯಾವ ಡಬ್ಬಿಯಿಂದ ಬಟ್ಟೆಯ ಚೂರು ಕೊಡಬೇಕು, ಎಲ್ಲ ಹೇಳಿ ಹೋದರು.

ಮಾವನಿಗೆ ಒಂದು ನಗೆಹನಿ ಹೇಳಿದೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ತಪ್ಪದೆ ನಗಿಸಿದ್ದು. ಪೂರ್ತಿ ಕೇಳಿದರು.

"ಆಮೇಲೆ?"

"ಅಷ್ಟೇ ಸಾರ್."

"ಅಷ್ಟೇನಾ?" ಬಹಳ ಮರುಗಿದರು. "ಪಾಪ."

ಇನ್ನೊಂದು ಹೇಳಿದೆ. "ಆಮೇಲೆ?" ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿದೆ. ಆಮೇಲೆ ಇಬ್ಬರೂ ಕಿಟಕಿ ನೋಡುತ್ತ ಕೂತೆವು. ಒಂದು ಗಂಟೆಗೆ ಅಷ್ಟೊಂದು ನಿಮಿಷಗಳಿವೆ ಎಂದು ಗೊತ್ತಿರಲಿಲ್ಲ.

ಅಕ್ಕ ಹನ್ನೊಂದೂವರೆಗೆ ಬಂದರು. ಮನೆಗೆ ಬಂದು ನನ್ನವಳನ್ನು ಕೇಳಿದೆ, "ಅಕ್ಕ ಎಲ್ಲಿ ಕೂತಿದ್ರು? ಅದೇ ಜಾಗದಲ್ಲಾ?"

"ಅಕ್ಕ ಬಂದಿರಲಿಲ್ಲವಲ್ಲ."

ಜೂನ್ 30, ಭಾನುವಾರ

ಇವತ್ತೂ ಪುಸ್ತಕ ಹಿಡಿದು ಹೊರಟರು. ಇವತ್ತೂ ಹನ್ನೊಂದೂವರೆಗೆ ಬಂದರು. ಇವತ್ತೂ ಆರಾಧನೆಯಲ್ಲಿ ಇರಲಿಲ್ಲವಂತೆ.

ನಾನಿಲ್ಲದ ಸಭೆಗೂ ಕಾಲಿಡಲಾರರು. ಆ ಗೋಡೆಗಳಲ್ಲಿ ಇನ್ನೂ ನನ್ನ ಮಾತು ಅಂಟಿಕೊಂಡಿರಬೇಕು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತು ಹಾಡಿದವರನ್ನು ಒಂದು ವಾಕ್ಯದಲ್ಲಿ ಎಬ್ಬಿಸಿ ಕಳಿಸಿದೆ. ಮಾವನಾದರೂ ಟಿಕೆಟು ಇಲ್ಲದವರನ್ನು ಮಾತ್ರ ಇಳಿಸುತ್ತಿದ್ದರು.

ಇನ್ನು ಬರೆಯಲಾರೆ.

ಜುಲೈ 7, ಭಾನುವಾರ

ಹತ್ತೂವರೆ ಸುಮಾರಿಗೆ ಒಂದು ಸಂಗತಿ ನಡೆಯಿತು. ಮಾವ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಬೇಡಿ" ಎಂದರು. ಹೇಳುವುದಿಲ್ಲ ಎಂದೆ. ಆದ್ದರಿಂದ ಇಲ್ಲಿ ಇಷ್ಟೇ: ಕುರ್ಚಿ ಒರೆಸಿದೆ, ಅವರ ಪ್ಯಾಂಟು ಒಗೆದೆ. ಬೇರೆ ಬಟ್ಟೆ ಎಲ್ಲಿದೆಯೆಂದು ತಿಳಿಯದೆ ಹಗ್ಗದ ಮೇಲಿದ್ದ ಗಾಯಕವೃಂದದ ನಿಲುವಂಗಿಯೊಂದನ್ನು ತೊಡಿಸಿದೆ. ಅದರ ತೋಳು ಉದ್ದವಾಗಿತ್ತು, ಮಡಚಿದೆ. ಅವರು ಕೈ ಎತ್ತಿಕೊಟ್ಟರು, ಮಕ್ಕಳು ಕೊಡುವ ಹಾಗೆ.

ಅಕ್ಕ ಬಂದಾಗ ನಾನು ಬಚ್ಚಲಲ್ಲಿ ತೋಳು ಮಡಚಿಕೊಂಡು ಹಿಂಡುತ್ತಿದ್ದೆ. ಅವರು ಬಿಳಿ ನಿಲುವಂಗಿಯ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಕೈಯಿಂದ ಪ್ಯಾಂಟು ತೆಗೆದುಕೊಂಡರು. ಆಗ ಬಂತು ಬಾಯಿಗೆ. ಕೈ ಒದ್ದೆಯಾಗಿದ್ದಾಗ, ಎಣಿಕೆ ಗಿಣಿಕೆ ಇಲ್ಲದೆ.

"ಆ ಚೀಟಿ ನಿಮ್ಮದು ಅಂತ ಗೊತ್ತಿರಲಿಲ್ಲ ಅಕ್ಕ."

"ಗೊತ್ತಿದ್ದಿದ್ರೆ ಇನ್ನೊಬ್ಬರ ಚೀಟಿಗೆ ಅಂತಿದ್ರಿ."

"ಹೌದು" ಎಂದೆ. "ತಪ್ಪಾಯಿತು."

ಅವರು ಪ್ಯಾಂಟನ್ನು ಕೊಡವಿ ಹಗ್ಗಕ್ಕೆ ಹಾಕಿ, ಅಂಚು ಎಳೆದು ಸರಿಮಾಡಿದರು.

"ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ. ಎರಡು ದಿನ ಇತ್ತು, ಹೋಯ್ತು. ಕೆಲಸ ಇರೋರಿಗೆ ಸಿಟ್ಟು ಎಷ್ಟು ದಿನ ಬಾಳುತ್ತೆ?"

"ಮತ್ತೆ ಆರಾಧನೆಗೆ..."

"ಬಸ್ ಸ್ಟಾಪಿನಲ್ಲಿ ಕೂತಿರ್ತೀನಿ. ಅಲ್ಲೀವರೆಗೆ ಹೋಗ್ತೀನಿ, ಮುಂದೆ ಕಾಲು ಏಳಲ್ಲ." ಕುರ್ಚಿಯ ಕಡೆ ನೋಡಿ ದನಿ ತಗ್ಗಿಸಿದರು. "ಅವತ್ತು ನಾನೂ ನಕ್ಕೆ ಮೇಷ್ಟ್ರೇ. ನೀವು ಪೌಡರ್ ಅಂದಾಗ. ಎಲ್ಲರಿಗಿಂತ ಜೋರಾಗಿ. ಒಂದು ವರ್ಷದಿಂದ ಹಾಗೆ ನಕ್ಕಿರಲಿಲ್ಲ. ಹೊಟ್ಟೆ ಹಿಡ್ಕೊಂಡು ನಕ್ಕೆ. ಆ ಹೊತ್ತಿನಲ್ಲಿ ಇವರು ನನಗೆ ನೆನಪೇ ಇರಲಿಲ್ಲ. ಚೀಟಿ ನಂದು ಅನ್ನೋದೂ ನೆನಪಿರಲಿಲ್ಲ. ಇವರು ನನ್ನ ಮರೆತರೆ ಕಾಯಿಲೆ. ನಾನು ಇವರನ್ನ ಮರೆತರೆ ಅದೇನು?"

ಬಚ್ಚಲ ಬಾಗಿಲಲ್ಲಿ ನಿಂತಿದ್ದೆ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಂದು ನಿಮಿಷ ತಾನೇ ಅಕ್ಕ" ಎಂದೆ ಕೊನೆಗೆ.

"ಒಂದು ನಿಮಿಷವೇ. ಎಷ್ಟು ಸುಖವಾಗಿತ್ತು ಗೊತ್ತಾ?" ಅಳಲಿಲ್ಲ ಅವರು. "ಅದಕ್ಕೇ ನಾಚಿಕೆ."

ಜುಲೈ 8, ಸೋಮವಾರ

ಐದು ವಾರ ನನ್ನ ನಾಚಿಕೆಯನ್ನು ಮಗುವಿನ ಹಾಗೆ ಎತ್ತಿ ಆಡಿಸಿದೆ. ಅದರ ಕೈಲಿ ಪತ್ರ ಬರೆಸಿದೆ, ಪ್ಯಾಂಟು ಹೊರಿಸಿದೆ. ಅವರು ಸಭೆಗೆ ಬಾರದಿದ್ದರೆ ಅದಕ್ಕೆ ನಾನೇ ಕಾರಣ, ಬೇರೆ ಯಾರಿಗೂ ಆ ಪಟ್ಟ ಬೇಡ. ಎದುರಿಗೆ ಕೂತ ಹೆಂಗಸಿಗೂ ತನ್ನದೊಂದು ನಾಚಿಕೆ ಇರಬಹುದೆಂದು ತರ್ಕದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಹಳೆಯದು ಇಳಿಯಲಿಲ್ಲ, ಅದರ ಮೇಲೆ ಇದು ಬಂದು ಕೂತಿದೆ.

ಜುಲೈ 14, ಭಾನುವಾರ

ನಾನು ಕುರ್ಚಿಯ ಪಕ್ಕದಲ್ಲಿದ್ದೆ. ಆದ್ದರಿಂದ ಇದು ನನ್ನವಳ ವರದಿ.

"ಅಕ್ಕ ಬಂದಿದ್ರು. ಪ್ರಾರ್ಥನೆಗೆ ಮುಂಚೆ ಎದ್ದು ನಿಂತ್ರು. 'ನಮ್ಮನೆಯವರಿಗೆ ಮಂಡಿನೋವಲ್ಲ, ಮರೆವು. ಸುಳ್ಳು ಹೇಳಿದ್ದೆ, ಕ್ಷಮಿಸಿ. ಒಬ್ಬಳ ಕೈಲಿ ಆಗ್ತಿಲ್ಲ' ಅಂದ್ರು. ಕೂತ್ರು."

"ನನ್ನ ಬಗ್ಗೆ ಏನಂದ್ರು?"

"ನಿಮ್ಮ ಸುದ್ದೀನೇ ಬರಲಿಲ್ಲ ರೀ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದೆ.

"ಸಭೆ ಏನಂತು?"

"ಕ್ಷೌರದ ಅಣ್ಣನ ಮುಖ ನೋಡಬೇಕಿತ್ತು, ಸುಣ್ಣ. ಆಮೇಲೆ ಅವನೇ ಮೊದಲು ಎದ್ದ. 'ಮಂಗಳವಾರ ನನ್ನ ಅಂಗಡಿ ರಜ, ಮಾವನ ಗಡ್ಡ ನನ್ನದು' ಅಂದ. ಸ್ಕೂಲ್ ಬಸ್ ಡ್ರೈವರ್ ಎದ್ದ. ನರ್ಸಮ್ಮ ಎದ್ರು. ಸಭಾಪಾಲಕರು ಪ್ರಸಂಗದ ಹಾಳೆ ತಿರುಗಿಸಿ ಹಿಂದುಗಡೆ ಹೆಸರು ಬರ್ಕೊಂಡ್ರು. ಪ್ರಸಂಗ ಆಗಲೇ ಇಲ್ಲ."

ಅಕ್ಕ ಮನೆಗೆ ಬಂದಾಗ ಇದಾವುದನ್ನೂ ನನಗೆ ಹೇಳಿರಲಿಲ್ಲ. "ಗಂಟಲು ಕಟ್ಟಿದೆ, ಹಾಡಿದ್ದು ಜಾಸ್ತಿಯಾಯ್ತು" ಎಂದಿದ್ದರು ಅಷ್ಟೇ.

ಜುಲೈ 24, ಬುಧವಾರ

ಸರದಿಯ ಪಟ್ಟಿ ಸಭೆಯ ಫಲಕದ ಮೇಲೆ ಬಂದಿದೆ. ಭಾನುವಾರಗಳಿಗೆ ಆರು ಜನ. ನನ್ನದು ಆರು ವಾರಕ್ಕೊಮ್ಮೆ. ಆಗಸ್ಟ್ ಚೀಟಿಗಳನ್ನು ಮತ್ತೆ ನಾನೇ ಓದಬೇಕೆಂದು ಸಭಾಪಾಲಕರು ಕೇಳಿದರು. ನರ್ಸಮ್ಮನ ದನಿ ಚೆನ್ನಾಗಿದೆ, ಬರೆದದ್ದನ್ನಷ್ಟೇ ಓದುತ್ತಾರೆ ಎಂದೆ.

ಪಟ್ಟಿ ನೋಡಿ ಸಂತೋಷವಾಗಬೇಕಿತ್ತು. ಕೈಯಲ್ಲಿದ್ದುದನ್ನು ಯಾರೋ ತೆಗೆದುಕೊಂಡ ಹಾಗಾಯಿತು. ಇದಕ್ಕೂ ನಾಚಿಕೆಪಡಬೇಕೇ ಎಂದು ಯೋಚಿಸುತ್ತ ಕಾಲೇಜು ಬಿಟ್ಟವನು ನೋಡಿದರೆ ಹೊಲಿಗೆ ಅಕ್ಕನ ಬೀದಿಯಲ್ಲಿದ್ದೆ.

"ಏನು ಬೇಕಿತ್ತು ಮೇಷ್ಟ್ರೇ?" ಎಂದರು ಅಕ್ಕ. ನನ್ನ ಕೈ ನೋಡಿದರು. ಖಾಲಿ.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಒಳಗೆ ಬನ್ನಿ. ಹದಿನಾಲ್ಕು ನಿಲುವಂಗಿ ಹಿಂಡೋದಿದೆ. ನನ್ನ ಮಣಿಕಟ್ಟು ಬಿದ್ದುಹೋಗಿದೆ."

ಹಿತ್ತಲಲ್ಲಿ ಒಂದು ತುದಿ ಅವರು, ಒಂದು ತುದಿ ನಾನು. ಅವರು ಎಡಕ್ಕೆ ತಿರುವಿದರೆ ನಾನು ಬಲಕ್ಕೆ. ಮಾವನ ಕುರ್ಚಿ ಹಿಂಬಾಗಿಲ ಹೊಸ್ತಿಲ ಬಳಿ ಇತ್ತು. ನಾಲ್ಕನೆಯದೋ ಐದನೆಯದೋ ಹಿಂಡುವಾಗ ನಾನು ಏನೋ ಒಂದು ಮಾತು ಅಂದೆ. ಅಕ್ಕ ನಕ್ಕುಬಿಟ್ಟರು, ಜೋರಾಗಿಯೇ. ನಗುತ್ತಲೇ ಕುರ್ಚಿಯತ್ತ ತಿರುಗಿದರು. ಮಾವ ನಮ್ಮಿಬ್ಬರನ್ನೂ ಪರಿಚಯವಿಲ್ಲದ ಪ್ರಯಾಣಿಕರ ಹಾಗೆ, ಬೇಸರವಿಲ್ಲದೆ ನೋಡುತ್ತಿದ್ದರು. ಅಕ್ಕನ ನಗು ತಾನಾಗಿ ನಿಂತಿತು. ಅವರು ಹೋಗಿ ಮಾವನ ಕಾಲರು ಸರಿಮಾಡಿ ಬಂದು, ಮುಂದಿನ ನಿಲುವಂಗಿಯ ತುದಿಯನ್ನು ನನ್ನ ಕೈಗೆ ಕೊಟ್ಟರು.